ಹೊರಗೆ ನಿಲ್ಲುವ ತರಬೇತಿ

ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಗುಲಾಬಿ ತೋಟದಲ್ಲಿ ಎರಡು ನಿಮಿಷ ಮೌನ ಆಚರಿಸಬೇಕೆಂದು ಹೆಂಗಸರು ಕೇಳಿಕೊಂಡರು. ಮ್ಯಾನೇಜರು ಪ್ಯಾಕಿಂಗ್ ಮೇಜಿನ ಕಡೆ ಒಮ್ಮೆ, ಹೊರಗೆ ನಿಂತಿದ್ದ ಲಾರಿಯ ಕಡೆ ಒಮ್ಮೆ ನೋಡಿ ಒಂದು ನಿಮಿಷಕ್ಕೆ ಮಂಜೂರಾತಿ ಕೊಟ್ಟರು. ಕೋಲ್ಡ್ ರೂಮಿನ ಮೋಟಾರಿಗೆ ಈ ತೀರ್ಮಾನವನ್ನು ತಿಳಿಸುವ ವ್ಯವಸ್ಥೆ ಇಲ್ಲದ್ದರಿಂದ ಅದು ತನ್ನ ಪಾಡಿಗೆ ಗುಂಯ್‌ಗುಡುತ್ತಲೇ ಇತ್ತು. ಮೃತರು ತೋಟ ಬಿಟ್ಟು ಒಂದೂವರೆ ವರ್ಷವಾಗಿತ್ತು. ಬಿಟ್ಟರು ಅನ್ನುವುದಕ್ಕಿಂತ ಬಿಡಿಸಲಾಯಿತು ಅನ್ನುವುದು ದಾಖಲೆಗೆ ಹತ್ತಿರ. ಬಿಡಿಸಿದವರೇ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಒಂದು ನಿಮಿಷ ಎಷ್ಟು ಉದ್ದ ಇರುತ್ತದೆಂದು ಅವತ್ತು ಅವರಿಗೆ ಗೊತ್ತಾಗಿರಬೇಕು.

ನಾವೆಲ್ಲ ಅವರನ್ನು ಟ್ರೈನಿಂಗ್ ಸಾರ್ ಎನ್ನುತ್ತಿದ್ದೆವು. ಹೊಸೂರು ಕಡೆಯ ಉದ್ದನಪಲ್ಲಿಯಿಂದ ಆಚೆಗೆ, ಪ್ಲಾಸ್ಟಿಕ್ ಹೊದಿಸಿದ ದೊಡ್ಡ ದೊಡ್ಡ ಶೆಡ್ಡುಗಳಲ್ಲಿ ಗುಲಾಬಿ ಬೆಳೆಯುವ ತೋಟ ನಮ್ಮದು. ಹೂವು ಲಾರಿಯಲ್ಲಿ ಬೆಂಗಳೂರಿಗೂ ಅಲ್ಲಿಂದ ವಿಮಾನದಲ್ಲಿ ಚಳಿದೇಶಗಳಿಗೂ ಹೋಗುತ್ತದೆ. ಅಲ್ಲಿ ಕೊಳ್ಳುವವರಿಗೆ ಹೂವೊಂದೇ ಸಾಲದು. ಹೂ ಕೊಯ್ದವರು ಸುಖವಾಗಿದ್ದಾರೆ ಎಂಬುದಕ್ಕೆ ಕಾಗದವೂ ಬೇಕು. ಆ ಸುಖವನ್ನು ಉಂಟುಮಾಡುವುದು ಟ್ರೈನಿಂಗ್ ಸಾರ್ ಕೆಲಸ. ಅದನ್ನು ಫೈಲಿಗೆ ಹಾಕುವುದು ನನ್ನ ಕೆಲಸ. ನನ್ನ ಕೆಲಸ ಯಾವಾಗಲೂ ಅವರದಕ್ಕಿಂತ ಮೊದಲೇ ಮುಗಿದಿರುತ್ತಿತ್ತು.

ನಮ್ಮಲ್ಲಿಗೆ ಬರುವ ಮುಂಚೆ ಅವರು ರೇಷ್ಮೆ ಇಲಾಖೆಯಲ್ಲಿ ಡೆಮಾನ್ಸ್ಟ್ರೇಟರ್ ಆಗಿದ್ದು ನಿವೃತ್ತರಾದವರು. ಹುಳು ಸಾಕುವ ಮನೆಗಳಿಗೆ ಹೋಗಿ ಸೊಪ್ಪು ಹೇಗೆ ಹಾಕಬೇಕು, ತಟ್ಟೆ ಹೇಗೆ ತೊಳೆಯಬೇಕು ಎಂದು ತೋರಿಸುವುದು ಅಲ್ಲಿನ ಕೆಲಸ. ಬಸ್ಸು ಇರುವವರೆಗೆ ಬಸ್ಸಿನಲ್ಲಿ, ಬಸ್ಸು ನಿಂತ ಮೇಲೆ ನಡೆದು, ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದವರೆಗೂ ಹೋಗಿ ಬಂದಿದ್ದರಂತೆ. ಹಾಗಾಗಿ ಅವರಿಗೆ ಲೋಕದ ಸಮಸ್ತ ವಿಷಯವೂ ರೇಷ್ಮೆಹುಳುವಿನ ಮೂಲಕವೇ ಅರ್ಥವಾಗುತ್ತಿತ್ತು. ಮನುಷ್ಯರನ್ನು ಅವರು ಸ್ವಲ್ಪ ದೊಡ್ಡ ಹುಳುಗಳೆಂದೂ, ಆದರೆ ಅಷ್ಟು ಶಿಸ್ತಿಲ್ಲದವೆಂದೂ ಪರಿಗಣಿಸಿದ್ದರು.

ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ನೀಲಿ ಬರೆಯುವುದಕ್ಕೆ, ಕೆಂಪು ತಿದ್ದುವುದಕ್ಕೆ, ಹಸಿರು ಸುಮ್ಮನೆ. ಸರ್ಕಾರದಲ್ಲಿ ಹಸಿರು ಶಾಯಿ ದೊಡ್ಡ ಅಧಿಕಾರಿಗಳಿಗೆ ಮಾತ್ರ. ನಿವೃತ್ತಿಯ ಮಾರನೆಯ ದಿನವೇ ಒಂದು ಹಸಿರು ಪೆನ್ನು ಕೊಂಡೆ ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಅದರಲ್ಲಿ ಏನನ್ನೂ ಬರೆದದ್ದನ್ನು ನಾನು ಕಾಣೆ.

ಪಾಠ ಮುಗಿದಾಗ ಮೂರು ಭಾಷೆಯಲ್ಲಿ ಕೇಳುತ್ತಿದ್ದರು. "ಅರ್ಥ ಆಯ್ತಾ? ಪುರಿಂಜಿದಾ? ಅರ್ಥಮಯಿಂದಾ?" ಹೆಂಗಸರು ಮೂರಕ್ಕೂ ಸೇರಿಸಿ ಒಂದೇ ಸಲ ತಲೆಯಾಡಿಸುತ್ತಿದ್ದರು. ಈ ತಲೆಯಾಟದ ಮೇಲೆ ಅವರಿಗೆ ಮೊದಲಿನಿಂದಲೂ ಗುಮಾನಿ ಇತ್ತು. ಒಂದು ದಿನ ಔಷಧಿ ಹೊಡೆಯುವಾಗ ಹಾಕಿಕೊಳ್ಳುವ ಉಡುಪಿನ ತರಬೇತಿ. ಅವರೇ ಮಾಸ್ಕು, ಕನ್ನಡಕ, ಏಪ್ರನ್, ಗ್ಲೌಸು, ಗಂಬೂಟು ಎಲ್ಲವನ್ನೂ ಏರಿಸಿಕೊಂಡು ನಿಂತು ಕಾಲು ಗಂಟೆ ಮಾತಾಡಿದರು. ಮಾಸ್ಕಿನೊಳಗಿಂದ ಬಾವಿಯೊಳಗಿನ ಕಪ್ಪೆಯ ಹಾಗೆ ಒಂದು ಶಬ್ದ ಬರುತ್ತಿತ್ತು, ಅಷ್ಟೇ. ಕೊನೆಗೆ ಕೈಯೆತ್ತಿ ಅರ್ಥ ಆಯ್ತಾ ಎನ್ನುವಂತೆ ಸನ್ನೆ ಮಾಡಿದರು.

"ಆಯ್ತು ಸಾರ್," ಎಂದಿತು ಸಭೆ.

ಅವರು ಮಾಸ್ಕು ಕಿತ್ತು ಬೆವರು ಒರೆಸಿಕೊಂಡರು. "ಇಷ್ಟೊತ್ತೂ ನಿಮ್ಮ ಮನೆಗಳಿಗೆ ಬೆಂಕಿ ಬಿದ್ದೈತೆ, ಓಡಿ ಅಂತ ಹೇಳ್ದೆ. ಆಯ್ತು ಸಾರ್ ಅಂತ ಕೂತಿದೀರಲ್ಲ?"

ಚಿನ್ನಕ್ಕ ಎದ್ದು ನಿಂತಳು. ಈಕೆ ಕಟಿಂಗ್ ಕೆಲಸದ ಹಿರಿಯಾಳು, ಕಾರ್ಮಿಕರ ಸಮಿತಿಯ ಸದಸ್ಯೆ. ಚುನಾವಣೆಯಲ್ಲಿ ಎದುರಾಳಿಯೇ ಇಲ್ಲದೆ ಗೆದ್ದವಳು, ಯಾಕೆಂದರೆ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. "ಸಾರ್, ಮನೇಗ್ ಬೆಂಕಿ ಬಿದ್ರೂ ಸೂಪರ್ವೈಸರು ಬುಡ್ಬೇಕಲ್ಲ ನಮ್ಮುನ್ನ?" ಎಂದಳು. ಅವರು ಅದನ್ನು ನೀಲಿ ಪೆನ್ನಿನಲ್ಲಿ ಬರೆದುಕೊಂಡರು.

ಕುಡಿಯುವ ನೀರಿನ ನಲ್ಲಿಯ ಪಕ್ಕದ ಗೋಡೆಗೆ ಹೊಡೆದ ನೀಲಿ ತಗಡಿನ ಡಬ್ಬವೇ ದೂರುಪೆಟ್ಟಿಗೆ. ಮೇಲೆ ಒಂದು ಸೀಳು, ಕೆಳಗೊಂದು ಬೀಗ. ಬೀಗದ ಕೈ ಟ್ರೈನಿಂಗ್ ಸಾರ್ ಹತ್ತಿರ. ಪ್ರತಿ ಸೋಮವಾರ ಸಮಿತಿಯ ಎದುರು ವಿಧಿಪೂರ್ವಕವಾಗಿ ಬೀಗ ತೆಗೆದು, ಒಳಗೆ ಕೈಯಾಡಿಸಿ, ಒಂದು ಹಲ್ಲಿಯನ್ನು ಹೊರಗೆ ಬಿಟ್ಟು, "ದೂರು: ಇಲ್ಲ" ಎಂದು ಬರೆದು ಮತ್ತೆ ಬೀಗ ಹಾಕುತ್ತಿದ್ದರು. ಹೀಗೆ ವರ್ಷಗಟ್ಟಲೆ ನಮ್ಮ ತೋಟದಲ್ಲಿ ಹಲ್ಲಿಯನ್ನುಳಿದು ಯಾರಿಗೂ ಕುಂದುಕೊರತೆ ಇರಲಿಲ್ಲ.

ಇದು ನಮ್ಮ ಹೆಮ್ಮೆಯಾಗಿತ್ತು. ಆದರೆ ಹೊರದೇಶದ ಪರವಾಗಿ ತನಿಖೆಗೆ ಬಂದ ಆಡಿಟರು ಇದನ್ನೇ ತಪ್ಪೆಂದು ಬರೆದರು. ಇಷ್ಟು ಜನ ಇರುವ ಕಡೆ ಒಂದೂ ದೂರಿಲ್ಲವೆಂದರೆ ಪೆಟ್ಟಿಗೆ ಕೆಲಸ ಮಾಡುತ್ತಿಲ್ಲವೆಂದು ಅರ್ಥವಂತೆ. ಮ್ಯಾನೇಜರು ನನ್ನನ್ನು ಕರೆದು, "ಮೂರು ದೂರು ಬೇಕು. ಜೋರಾಗಿರಬಾರದು," ಎಂದರು. ನಾನು ಗಡಿಭಾಗದ ಕನ್ನಡ ಮಾಧ್ಯಮದಲ್ಲಿ ಓದಿದವನು, ಪ್ರಬಂಧದಲ್ಲಿ ಬಹುಮಾನ ಪಡೆದವನು. ಚಹಾ ಕುರಿತು ಒಂದು, ಸೋಪು ಕುರಿತು ಒಂದು, ನೋಟಿಸ್ ಬೋರ್ಡಿನ ಎತ್ತರ ಕುರಿತು ಒಂದು, ಹೀಗೆ ಮೂರನ್ನು ಎಡಗೈಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿದೆ.

ಸೋಮವಾರ ಟ್ರೈನಿಂಗ್ ಸಾರ್ ಮೂರನ್ನೂ ಓದಿ, ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಾಯಿ ಸುಟ್ಟುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು.

"ಟೀ ಬಿಸಿಯಾಗೇ ಇದೆ."

"ಹೌದಾ ಸಾರ್?"

"ದೂರು ಕೊಟ್ಟೋರು 'ತದನಂತರ' ಅಂತ ಬರ್ದವ್ರೆ. ನಮ್ಮ ಹೆಂಗಸ್ರು ತದನಂತರ ಅನ್ನಲ್ಲ."

ನಾನು ಮೇಜಿನ ಮೇಲಿನ ಫೈಲು ತಿರುವಿದೆ.

"ಇನ್ನೊಂದು. ಇಲ್ಲಿ ಓದಿರೋ ಹೆಂಗಸ್ರೆಲ್ಲ ತಮಿಳು ಇಸ್ಕೂಲು. ಕನ್ನಡ ಆಡ್ತಾರೆ, ಬರೆಯೋದು ತಮಿಳು ಅಕ್ಷರದಾಗೆ. ನೀವು ಒತ್ತಕ್ಷರ ಎಲ್ಲಾ ಹಾಕಿದೀರಿ. ಬಾಳ ಚೆನ್ನಾಗಿದೆ." ಹೀಗೆಂದು ಮೂರನ್ನೂ ರಿಜಿಸ್ಟರಿಗೆ ಏರಿಸದೆ ನನಗೇ ಹಿಂದಿರುಗಿಸಿದರು. ನನ್ನ ಸಾಹಿತ್ಯ ಕೃಷಿಗೆ ಬಂದ ಏಕೈಕ ವಿಮರ್ಶೆ ಅದು.

ದೂರು ಯಾಕೆ ಬರುತ್ತಿರಲಿಲ್ಲ ಎಂಬುದು ಗುಟ್ಟೇನಲ್ಲ. ನಾಲ್ಕನೇ ಶೆಡ್ಡಿನ ಸೂಪರ್ವೈಸರ್ ಹುಡುಗ ಅಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಅಳಿಯನೋ ಮೈದುನನೋ ಆಗಬೇಕು. ಅವನ ಮೇಲೆ ಬರೆದುಕೊಟ್ಟು ನಾಳೆ ಅದೇ ಮನೆಯ ಮದುವೆಯಲ್ಲಿ ಎಲೆ ಮುಂದೆ ಕೂರುವುದು ಹೇಗೆ? ಪೆಟ್ಟಿಗೆಯ ಸೀಳು ನೆಂಟಸ್ತಿಕೆಗೆ ಸಾಲುವಷ್ಟು ಅಗಲವಿರಲಿಲ್ಲ.

ಇದನ್ನು ಬಗೆಹರಿಸಿದ್ದು ತರಬೇತಿಯಲ್ಲ, ಆಯುಧಪೂಜೆ. ಆ ದಿನ ನಮ್ಮಲ್ಲಿ ತೊಳೆಯದ ವಸ್ತುವಿಲ್ಲ, ಕುಂಕುಮ ಹಚ್ಚದ ವಸ್ತುವಿಲ್ಲ. ಹೂ ಕತ್ತರಿ, ಬಕೆಟ್ಟು, ಔಷಧಿ ಪಂಪು, ಕಂಪ್ಯೂಟರು, ನನ್ನ ಸ್ಟೇಪ್ಲರು ಎಲ್ಲಕ್ಕೂ ಆಯಿತು. ತಟ್ಟೆಯಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಚಿನ್ನಕ್ಕ ಸುತ್ತ ನೋಡಿ, ದೂರುಪೆಟ್ಟಿಗೆಯೊಂದೇ ಬೋಳಾಗಿರುವುದನ್ನು ಕಂಡು, "ಪಾಪ, ಇದೇನ್ ಪಾಪ ಮಾಡೈತೆ," ಎಂದು ಮೂರು ಗೆರೆ ವಿಭೂತಿ ಎಳೆದು, ಅರಿಶಿನ ಕುಂಕುಮ ಇಟ್ಟು, ಗುಲಾಬಿ ಹಾರ ಹಾಕಿ, ಮೇಲೊಂದು ನಿಂಬೆಹಣ್ಣು ಕೂರಿಸಿದಳು. ಅದರ ಮುಂದೆಯೇ ಬೂದುಗುಂಬಳಕಾಯಿ ಒಡೆದರು. ಆ ಕ್ಷಣದಲ್ಲಿ ಪೆಟ್ಟಿಗೆಯ ಇಲಾಖೆ ಬದಲಾಯಿತು.

ಮುಂದಿನ ಸೋಮವಾರ ಬೀಗ ತೆಗೆದರೆ ಒಳಗೊಂದು ಚೀಟಿ. ತಮಿಳು ಅಕ್ಷರ, ಕನ್ನಡ ಮಾತು. "ತಾಯೇ, ನನ್ನ ಅಳಿಯ ಬಂದು ಮಗಳನ್ನ ಕರಕೊಂಡು ಹೋಗಂಗೆ ಮಾಡು." ಸಮಿತಿ ಗಂಭೀರವಾಯಿತು. ಇದು ದೂರಲ್ಲ ಎಂದು ನಾನು ಸಲಹೆ ಕೊಟ್ಟೆ. ಟ್ರೈನಿಂಗ್ ಸಾರ್ ಒಪ್ಪಲಿಲ್ಲ. "ಪೆಟ್ಟಿಗೇಲಿ ಬಿದ್ದದ್ದೆಲ್ಲ ದೂರೇ," ಎಂದು ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಹಾಕಿದರು. ವರ್ಗ: ಇತರೆ. ಜವಾಬ್ದಾರಿ: ಆಡಳಿತ. ಉತ್ತರಕ್ಕೆ ಗಡುವು: ಹದಿನೈದು ದಿನ. ಆ ಅಳಿಯ ಒಂಬತ್ತನೇ ದಿನಕ್ಕೆ ತಾನಾಗಿ ಬಂದು ಹೆಂಡತಿಯನ್ನು ಕರೆದುಕೊಂಡು ಹೋದ. ಗಡುವಿಗೆ ಮುಂಚೆಯೇ ಬಗೆಹರಿದ ದೂರು ನಮ್ಮ ತೋಟದ ಇತಿಹಾಸದಲ್ಲಿ ಅದೇ ಮೊದಲು.

ಆಮೇಲೆ ಪೆಟ್ಟಿಗೆಗೆ ಬಿಡುವಿಲ್ಲ. ಎಮ್ಮೆ ಗಬ್ಬ ಆಗಲಿ, ಗಂಡ ಕುಡಿಯೋದು ಬಿಡಲಿ, ಅತ್ತೆಗೆ ಬುದ್ಧಿ ಬರಲಿ. ಮಳೆ ಬೇಡಿದ ಚೀಟಿಯೊಂದನ್ನು ಅವರು "ನೀರು ಸರಬರಾಜು" ಎಂಬ ವರ್ಗಕ್ಕೆ ಸೇರಿಸಿ ಪಂಪಿನ ಮೆಕ್ಯಾನಿಕ್ಕಿಗೆ ವರ್ಗಾಯಿಸಿದರು. ಅವನು ಕಾಗದ ಹಿಡಿದು ಆಫೀಸಿಗೇ ಬಂದ.

"ಮಳೆ ಬರ್ಸೋದು ನನ್ ಡಿಪಾರ್ಟ್‌ಮೆಂಟಾ ಸಾರ್?"

"ಅಲ್ಲ ಅಂತ ಬರ್ದು ಸೈನ್ ಹಾಕಪ್ಪ. ಕ್ಲೋಸ್ ಮಾಡ್ತೀನಿ."

ನಾನು ನಕ್ಕೆ. ಅವರು ನಗಲಿಲ್ಲ. ಸಂಜೆ ರಿಜಿಸ್ಟರ್ ತಿರುಗಿಸಿ ತೋರಿಸಿದರು. ಮಂಡಿನೋವು ವಾಸಿಯಾಗಲಿ ಎಂಬ ಬೇಡಿಕೆ ಎಂಟು ಇದ್ದವು. ಎಂಟೂ ಹೂ ಗ್ರೇಡಿಂಗ್ ಮಾಡುವ ಮೇಜಿನವರದು. ದಿನವಿಡೀ ನಿಂತೇ ಮಾಡುವ ಕೆಲಸ. "ನಿಮ್ಗೇನಾದ್ರೂ ತೊಂದ್ರೆ ಇದ್ಯಾ ಅಂತ ನಾಕು ವರ್ಷ ಕೇಳ್ದೆ. ಇಲ್ಲ ಸಾರ್ ಅಂದ್ರು. ದೇವ್ರು ಕೇಳ್ದೇನೆ ಹೇಳವ್ರೆ ನೋಡಿ. ದೂರು ಕೊಡು ಅಂದ್ರೆ ಕೊಡಲ್ಲ, ಬೇಡ್ಕೋ ಅಂದ್ರೆ ಬೇಡ್ಕೊತಾರೆ. ವಿಷಯ ಒಂದೇ." ಅವರು ಎಂಟು ಚೀಟಿ ಹಿಡಿದು ಮ್ಯಾನೇಜರ ಬಳಿ ಹೋದರು. ಎತ್ತರದ ಸ್ಟೂಲುಗಳು ಬಂದವು. ಹೆಂಗಸರು ಸ್ಟೂಲಿನ ಮೇಲೆ ಕೂರುವ ಮುಂಚೆ ಪೆಟ್ಟಿಗೆಗೆ ಕೈ ಮುಗಿದರು. ಟ್ರೈನಿಂಗ್ ಸಾರ್‌ಗೆ ಯಾರೂ ಮುಗಿಯಲಿಲ್ಲ. ಅದೇ ಸರಿಯಾದ ವಿಧಾನ ಎಂದು ಅವರು ನನಗೆ ಹೇಳಿದರು.

ಊಟದ ಹೊತ್ತಿನಲ್ಲಿ ಅವರು ಹೆಂಗಸರ ಗುಂಪಿಗೆ ಬೆನ್ನು ಹಾಕಿ, ನಲ್ಲಿಯ ಕಡೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. ಗಂಡಸು ಎದುರಿಗೆ ಕೂತರೆ ಹೆಂಗಸರು ಉಣ್ಣುವುದೂ ಇಲ್ಲ, ಮಾತಾಡುವುದೂ ಇಲ್ಲ. ಬೆನ್ನು ಹಾಕಿದರೆ ಎರಡೂ ನಡೆಯುತ್ತದೆ. ನಲ್ಲಿಯ ಹತ್ತಿರ ಒಂದು ಕಂದು ನಾಯಿ ಇತ್ತು. ಡಬ್ಬಿ ತೊಳೆಯಲು ಬಂದವರು ಉಳಿದದ್ದನ್ನು ಅದಕ್ಕೆ ಹಾಕುತ್ತಿದ್ದರು. ನಾಯಿಗೆ ಯಾರ ಡಬ್ಬಿಯಿಂದ ಎಷ್ಟು ಬಿತ್ತು ಎಂಬುದು ಟ್ರೈನಿಂಗ್ ಸಾರ್‌ಗೆ ಬಾಯಿಪಾಠ. "ಹುಳಕ್ಕೆ ದೂರು ಹೇಳಕ್ಕೆ ಬರಲ್ಲ ಸಾಮಿ. ಸೊಪ್ಪು ಬಿಡ್ತದೆ. ಅಷ್ಟೇ ಅದು ಹೇಳೋದು," ಎನ್ನುತ್ತಿದ್ದರು.

ಫೆಬ್ರವರಿ ಬಂತು. ಲೋಕದ ಪ್ರೇಮಿಗಳೆಲ್ಲ ಒಂದೇ ದಿನವನ್ನು ಗೊತ್ತುಮಾಡಿಕೊಂಡಿರುವುದರಿಂದ ಅದಕ್ಕೆ ಮುಂಚಿನ ಎರಡು ವಾರ ನಮ್ಮಲ್ಲಿ ಉಸಿರಾಡುವುದಕ್ಕೂ ಪುರುಸೊತ್ತಿರುವುದಿಲ್ಲ. ಸಂಜೆ ಔಷಧಿ ಹೊಡೆದ ಶೆಡ್ಡಿಗೆ ಮಾರನೆಯ ದಿನ ಮಧ್ಯಾಹ್ನದವರೆಗೆ ಯಾರೂ ಹೋಗಬಾರದೆಂಬುದು ನಿಯಮ. ಬಾಗಿಲಲ್ಲಿ ಕೆಂಪು ಬಾವುಟ ಕಟ್ಟಿರುತ್ತದೆ, ಪಕ್ಕದಲ್ಲಿ ಮ್ಯಾನೇಜರು ಸಹಿ ಹಾಕಿದ ಬೋರ್ಡು ಇರುತ್ತದೆ. ಫೆಬ್ರವರಿಯಲ್ಲಿ ಆ ಬಾವುಟ ಬೆಳಿಗ್ಗೆ ಆರಕ್ಕೆಲ್ಲ ಮಡಿಸಿ ಸೂಪರ್ವೈಸರ್ ಜೇಬು ಸೇರುತ್ತಿತ್ತು. ಬಾವುಟ ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು ನಾನು ಬರೆಯುವ ಪುಸ್ತಕದಲ್ಲಿ ಮಾತ್ರ ಶುದ್ಧವಾಗಿದ್ದವು. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ.

ಆ ವಾರ ಒಂದು ಚೀಟಿ ಬಿತ್ತು. ಕ್ಯಾಲೆಂಡರಿನ ಹಾಳೆ ಹರಿದು ಬರೆದದ್ದು. ಟ್ರೈನಿಂಗ್ ಸಾರ್ ಓದಿ, ಸಮಿತಿಯ ಮುಂದೆ "ಇದು ಅಳಿಯನ ವಿಷಯ" ಎಂದು ಮಡಿಸಿ ಜೇಬಿಗೆ ಹಾಕಿಕೊಂಡು, ಎಲ್ಲರೂ ಹೋದ ಮೇಲೆ ನನಗೆ ಕೊಟ್ಟರು. ತಮಿಳು ಅಕ್ಷರಗಳನ್ನು ಕೂಡಿಸಿಕೊಂಡು ನಾನು ಓದಿದೆ.

"ಅಮ್ಮಾ ತಾಯಿ, ಔಸ್ದಿ ಹೊಡ್ದ ಬೆಳಿಗ್ಗೆ ನನ್ನ ನಾಕ್ನೇ ಸೆಡ್ಡಿಗೆ ಕಳಿಸ್ದಂಗೆ ನೋಡ್ಕ. ಮೂರು ತಿಂಗ್ಳು ಆಗೈತೆ. ಹೋದ್ಸಲ ನಿಲ್ಲಲಿಲ್ಲ. ಯಾರ್ಗೂ ಹೇಳಿಲ್ಲ. ಹೇಳುದ್ರೆ ಮನೆಗೆ ಕಳಿಸ್ತಾರೆ."

ಕಳಿಸುತ್ತಾರೆ ಎಂಬುದು ನಿಜ. ಬಸುರಿಯರನ್ನು ಔಷಧಿಯಿಂದ ದೂರವಿಡಬೇಕು ಎಂಬ ನಿಯಮವನ್ನು ನಮ್ಮ ತೋಟ ತನ್ನದೇ ರೀತಿಯಲ್ಲಿ ಪಾಲಿಸುತ್ತಿತ್ತು. ಗೊತ್ತಾದ ದಿನವೇ "ರೆಸ್ಟ್ ತಗೊಳಮ್ಮ" ಎಂದು ತೋಟದಿಂದಲೇ ದೂರವಿಡುತ್ತಿತ್ತು. ರೆಸ್ಟ್ ತಗೊಂಡವರ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ಹೋದವರು ಮತ್ತೆ ಬಂದದ್ದು ಅಪರೂಪ.

ಬರವಣಿಗೆ ಯಾರದೆಂದು ನನಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಪ್ರತಿ ತರಬೇತಿಯ ಹಾಜರಿ ಹಾಳೆಯಲ್ಲೂ ಆ ಅಕ್ಷರ ನೋಡಿದವನು ನಾನು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾರ್ದು ಅಂತ ಗೊತ್ತಾಯ್ತಾ?"

"ಇಲ್ಲ ಸಾರ್."

"ನನಗೂ ಇಲ್ಲ," ಎಂದರು. ಕಂದು ನಾಯಿ ಹದಿನೈದು ದಿನದಿಂದ ಯಾರ ಡಬ್ಬಿಯ ಅನ್ನ ತಿಂದು ದಪ್ಪಗಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬಿದೆ. "ಯಾರಾದ್ರೂ ಕೇಳುದ್ರೆ ಏನಂತೀರಿ?"

"ಗೊತ್ತಿಲ್ಲ ಅಂತೀನಿ."

"ತಪ್ಪು. ಗೊತ್ತಿಲ್ಲ ಅಂದ್ರೆ ಗೊತ್ತಾಗಕ್ಕೆ ಏನೋ ಐತೆ ಅಂತಾಯ್ತು. ಯಾವ ವಿಷಯ ಸಾರ್ ಅನ್ನಿ." ಅಲ್ಲಿಯೇ ಎರಡು ಸಲ ಹೇಳಿಸಿ ಅಭ್ಯಾಸ ಮಾಡಿಸಿದರು. ಚೀಟಿಯನ್ನು ನನ್ನಿಂದ ಹಿಂದಕ್ಕೆ ಪಡೆದರು, ಆದರೆ ಅದನ್ನು ಮಾತ್ರ ರಿಜಿಸ್ಟರಿಗೆ ಏರಿಸಲಿಲ್ಲ.

ಮಾರನೆಯ ಬೆಳಿಗ್ಗೆ ಆರಕ್ಕೆ ಹೆಂಗಸರು ಕತ್ತರಿ, ಬಕೆಟ್ಟು ಹಿಡಿದು ಬಂದಾಗ ನಾಲ್ಕನೇ ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮೇಲೆ ಮಫ್ಲರು ಸುತ್ತಿಕೊಂಡ ಟ್ರೈನಿಂಗ್ ಸಾರ್. ಕೆಂಪು ಬಾವುಟದ ಕೋಲನ್ನು ಕೈಯಲ್ಲೇ ಹಿಡಿದಿದ್ದರು.

"ಏನ್ ಸಾರ್, ಇಲ್ ಬಂದ್ ಕುಂತ್ಬುಟ್ರಿ?" ಎಂದ ಸೂಪರ್ವೈಸರ್.

"ಟ್ರೈನಿಂಗು."

"ಈ ಚಳೀಲಾ? ಏನ್ ಟ್ರೈನಿಂಗು?"

"ಔಷಧಿ ಹೊಡ್ದ ಶೆಡ್ಡಿನ ಹೊರಗೆ ನಿಲ್ಲೋದು ಹೆಂಗೆ ಅಂತ. ಎಲ್ರೂ ಸೈನ್ ಹಾಕಿ."

ಹಾಜರಿ ಹಾಳೆ ಮುಂದಕ್ಕೆ ಬಂತು. ತರಬೇತಿಗೆ ಸಹಿ ಹಾಕಿದವರ ಹೊತ್ತು ಕೆಲಸದ ಹೊತ್ತೆಂದೇ ಲೆಕ್ಕ, ಇದೂ ಮ್ಯಾನೇಜರ ಸಹಿಯಿರುವ ನಿಯಮ. ಹೆಂಗಸರು ಒಬ್ಬೊಬ್ಬರಾಗಿ ಸಹಿ ಹಾಕಿ ಹೊರಗೆ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಕೂತರು.

"ಏನ್ಲಾ, ನೀನೂ ಸೈನ್ ಹಾಕ್ಲಾ," ಎಂದಳು ಚಿನ್ನಕ್ಕ ಸೂಪರ್ವೈಸರಿಗೆ. "ನಿಲ್ಲೋದ್ ಕಲ್ತ್ಕ. ಬರೀ ಓಡಾಡದೇ ಆಯ್ತು ನಿಂದು."

"ಅತ್ತೆ, ನೀನ್ ಸುಮ್ನಿರು. ಆರ್ಡರ್ ಐತೆ, ಸಾಹೇಬ್ರು ನನ್ನ ಸಾಯಿಸ್ಬುಡ್ತಾರೆ."

"ಸಾಯ್ಸುದ್ರೆ ಪೆಟ್ಗೇಗ್ ಒಂದ್ ಚೀಟಿ ಹಾಕು. ತಾಯಿ ನೋಡ್ಕೊತಾಳೆ."

ಏಳಕ್ಕೆ ಮ್ಯಾನೇಜರು ಬಂದರು. ಕೆಟ್ಟವರೇನಲ್ಲ, ಮಾಲೆ ಹಾಕಿ ಬೆಟ್ಟ ಹತ್ತುವ ಭಕ್ತರು. ಆದರೆ ಮೇಲಿನವರ ಫೋನು ಅವರ ಕಿವಿಯಲ್ಲೇ ಇತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನ ಆಚೆ ಸಾಲು ಸಾಲು ಮೊಗ್ಗುಗಳು ಬಿಸಿಲಿಗೆ ಬಾಯಿ ಬಿಡುತ್ತಿದ್ದವು. ಬಾಯಿ ಬಿಟ್ಟ ಗುಲಾಬಿ ವಿಮಾನ ಹತ್ತುವುದಿಲ್ಲ.

"ಸಾರ್, ಹೂವು ಅರಳ್ತಾ ಇದಾವೆ!"

"ಹೂವಿನ ಕೆಲ್ಸ ಅದೇ ಅಲ್ವಾ ಸಾರ್."

"ಯಾರು ಕಂಪ್ಲೇಂಟ್ ಕೊಟ್ಟಿದ್ದು?"

"ಯಾರೂ ಇಲ್ಲ. ಬೋರ್ಡಲ್ಲಿ ಬರ್ದಿದೆ. ತಮ್ದೇ ಸಹಿ."

ತಮ್ಮ ಸಹಿಯನ್ನು ಅಷ್ಟು ಹತ್ತಿರದಿಂದ ಮ್ಯಾನೇಜರು ಎಂದೂ ನೋಡಿರಲಿಲ್ಲ. ಕೂತವರನ್ನು ಎಬ್ಬಿಸಿ ಕುರ್ಚಿ ತೆಗೆಸಬಹುದಿತ್ತು. ನಲವತ್ತು ಹೆಂಗಸರು ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಯಾಕೆಂದು ತಿಳಿಯದೆ ನೋಡುತ್ತಿದ್ದರು, ಒಬ್ಬಳು ನೆಲ ನೋಡುತ್ತಿದ್ದಳು. ಮ್ಯಾನೇಜರು ಫೋನು ಜೇಬಿಗಿಟ್ಟು ಹಿಂದಿರುಗಿದರು. ತರಬೇತಿ ಮಧ್ಯಾಹ್ನ ಒಂದರವರೆಗೆ ನಡೆಯಿತು. ಇಷ್ಟು ದೀರ್ಘವಾದ, ಇಷ್ಟು ಜನಕ್ಕೆ ಸರಿಯಾಗಿ ಅರ್ಥವಾದ ತರಬೇತಿ ನಮ್ಮಲ್ಲಿ ಹಿಂದೆ ನಡೆದಿರಲಿಲ್ಲ. ಆ ದಿನದ ನಾಲ್ಕನೇ ಶೆಡ್ಡಿನ ಗುಲಾಬಿ ಹೊಸೂರಿನ ಮದುವೆ ಛತ್ರಗಳಿಗೆ ಹೋಯಿತು.

ಆದರೆ ಹತ್ತು ಗಂಟೆಗೇ ಸೂಪರ್ವೈಸರ್ ಆಫೀಸಿಗೆ ಹೋಗಿ, ನಿನ್ನೆ ಸಾರ್ ಒಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡದ್ದನ್ನು ಕಿಟಕಿಯಿಂದ ಕಂಡೆನೆಂದು ಹೇಳಿದ್ದ. ತರಬೇತಿ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಮ್ಯಾನೇಜರಿಂದ ನನಗೆ ಕರೆ ಬಂತು.

"ಆ ಪೆಟ್ಟಿಗೆ ಚೀಟಿ ಎಲ್ಲಾ ಬೇಕು. ಹಾಜರಿ ಶೀಟೂ ತನ್ನಿ. ಕೈಬರಹ ನೋಡೋಣ. ಯಾರೋ ಒಬ್ಳು ಬರ್ದಿದಾಳೆ, ಅದಕ್ಕೇ ಇಷ್ಟೆಲ್ಲಾ. ಯಾರದು?"

"ಯಾವ ವಿಷಯ ಸಾರ್?" ಎಂದೆ. ಅಭ್ಯಾಸ ಫಲಿಸಿತ್ತು. ಆದರೆ ಹಾಜರಿ ಫೈಲು ಕಪಾಟಿನಲ್ಲಿ ಎದುರಿಗೇ ಇತ್ತು. ಅದನ್ನು ತಂದಿಡುವುದು ನನ್ನ ನೌಕರಿ. ತಂದಿಟ್ಟೆ. ಚೀಟಿಗಳು ಟ್ರೈನಿಂಗ್ ಸಾರ್ ಬಳಿ ಇವೆ ಎಂದೆ. ಮ್ಯಾನೇಜರು ಎದ್ದರು, ನಾನೂ ಹಿಂದೆ ಹೋದೆ.

ನಾಲ್ಕನೇ ಶೆಡ್ಡಿನ ಮುಂದೆ ಕುರ್ಚಿ ಖಾಲಿ. ಜನವೆಲ್ಲ ನೀರಿನ ಹೊಂಡದ ಏರಿಯ ಮೇಲೆ ನಿಂತಿದ್ದರು. ಚಿನ್ನಕ್ಕನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಟ್ರೈನಿಂಗ್ ಸಾರ್ ಬರಿಗಾಲಲ್ಲಿ, ಪೆಟ್ಟಿಗೆಯಿಂದ ಬಂದ ನಾಲ್ಕು ತಿಂಗಳ ಚೀಟಿಗಳನ್ನೆಲ್ಲ ಬಾಳೆಲೆಯ ಮೇಲೆ ಒಟ್ಟಿಕೊಂಡು, ಮೇಲೆ ಹೂವು ಅಕ್ಷತೆ ಹಾಕಿ, ನೀರಿನ ಅಂಚಿಗೆ ಇಳಿಯುತ್ತಿದ್ದರು.

ಮ್ಯಾನೇಜರು ಏರಿ ಹತ್ತಿದರು. ಕರ್ಪೂರ ಕಂಡರು. ಕಾಲು ತಾನಾಗಿ ಚಪ್ಪಲಿ ಬಿಟ್ಟಿತು.

"ಏನಿದು?" ಎಂದರು, ಆದರೆ ಪೂಜೆಯ ಮುಂದೆ ಆಡುವ ದನಿಯಲ್ಲಿ.

"ನಿರ್ಮಾಲ್ಯ ಸಾರ್," ಎಂದರು ಅವರು. "ದೇವ್ರಿಗೆ ಬರ್ದಿದ್ದು. ಕಸಕ್ಕೆ ಹಾಕಂಗಿಲ್ಲ, ತುಳಿಯಂಗಿಲ್ಲ, ಇನ್ನೊಬ್ರು ಓದಂಗಿಲ್ಲ. ನೀರಿಗೇ ಬಿಡ್ಬೇಕು."

ನಾಲ್ಕು ತಿಂಗಳಿಂದ ಪೆಟ್ಟಿಗೆಯಲ್ಲಿ ಬಿದ್ದ ಪ್ರತಿ ಪ್ರಾರ್ಥನೆಯೂ ಕಂಪನಿಯ ದಾಖಲೆ ಎಂದು ವಾದಿಸಿ, ಮಳೆಗೆ ಕ್ರಮಸಂಖ್ಯೆ ಕೊಟ್ಟವರು ಇವರೇ. ನನಗೆ ನೆನಪಿತ್ತು. ಅವರಿಗೂ ಇತ್ತು, ನನ್ನ ಕಡೆ ನೋಡಲಿಲ್ಲ.

ಬಾಳೆಲೆ ತೇಲಿತು, ಸುತ್ತಿತು, ಮಗುಚಿತು. ಚೀ‌ಟಿಗಳು ಒಂದೊಂದಾಗಿ ನೆನೆದು ಶಾಯಿ ಬಿಟ್ಟು ಮುಳುಗಿದವು. ಚಿನ್ನಕ್ಕ ತಟ್ಟೆಯನ್ನು ಮ್ಯಾನೇಜರ ಮುಂದೆ ಹಿಡಿದಳು. ಅವರು ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಕರ್ಪೂರ ಆರಿದ ಮೇಲೆ ನಡೆದದ್ದೇನೆಂಬುದು ಅವರ ಮುಖದಲ್ಲಿ ನಿಧಾನವಾಗಿ ಮೂಡಿತು. ಆಗ ಹೊಂಡದಲ್ಲಿ ಹೂವಷ್ಟೇ ಇತ್ತು.

ಮಾರ್ಚಿನಲ್ಲಿ ಆಡಿಟರು ಬಂದರು. ಪ್ರೇಮಿಗಳ ವಾರದಲ್ಲೂ ನಾಲ್ಕನೇ ಶೆಡ್ಡಿಗೆ ಮಧ್ಯಾಹ್ನದವರೆಗೆ ಯಾರನ್ನೂ ಬಿಡದಿದ್ದುದು ಹೇಗೆ ಎಂದು ಹಾಜರಿ ಹಾಳೆ ನೋಡಿ ಕೇಳಿದರು. ಮ್ಯಾನೇಜರು ಒಂದು ಕ್ಷಣ ಯೋಚಿಸಿ, ಅದು ನಮ್ಮ ತೋಟದ ಪದ್ಧತಿ ಎಂದರು. ಆಡಿಟರು ಮೆಚ್ಚಿ ಬರೆದುಕೊಂಡರು. ಬರೆದುಕೊಂಡ ಮೇಲೆ ಪದ್ಧತಿ ಇಲ್ಲವೆನ್ನಲು ಬರುವುದಿಲ್ಲ. ಅಂದಿನಿಂದ ಬಾವುಟ ಬಿಚ್ಚುವುದು ಮಧ್ಯಾಹ್ನ ಒಂದಕ್ಕೇ, ನನ್ನ ಪುಸ್ತಕದಲ್ಲೂ ಬಾಗಿಲಲ್ಲೂ. ಬಸುರಿಯರನ್ನು ಮನೆಗೆ ಕಳಿಸದೆ ಲೇಬಲ್ ಅಂಟಿಸುವ ಮೇಜಿಗೆ ಕೂರಿಸುವುದನ್ನೂ ಅದೇ ವರದಿಯಲ್ಲಿ ಬರೆಸಿದರು ಟ್ರೈನಿಂಗ್ ಸಾರ್. ಆಮೇಲೆ ಆಡಿಟರು ದೂರುಗಳ ಮೂಲ ಪ್ರತಿ ಕೇಳಿದರು. ಇರಲಿಲ್ಲ. ದಾಖಲೆ ನಾಶ ದೊಡ್ಡ ತಪ್ಪು. ಯಾರ ಜವಾಬ್ದಾರಿ ಎಂದಾಗ ಟ್ರೈನಿಂಗ್ ಸಾರ್ ಕೈಯೆತ್ತಿದರು. ಏಪ್ರಿಲ್‌ನಲ್ಲಿ ಅವರ ಕರಾರನ್ನು ಮುಂದುವರಿಸಲಿಲ್ಲ. ನಿಯಮದಂತೆ ನಡೆಯಿತು, ಆ ಪತ್ರವನ್ನು ಟೈಪು ಮಾಡಿದವನು ನಾನು. ಒಂದು ಶಾಲು ಹೊದಿಸಿದೆವು. ಅವರು ಶಾಲು ಪಡೆದದ್ದಕ್ಕೂ ಸಹಿ ಹಾಕಿದರು.

ಸೆಪ್ಟೆಂಬರಿನಲ್ಲಿ ಮೂಕಂಡಪಲ್ಲಿಯ ಅವರ ಮನೆಗೆ ಹೋಗಿದ್ದೆ. ಕಾರ್ಖಾನೆ ಕೆಲಸದವರಿಗೆ ಬಾಡಿಗೆಗೆ ಕೊಡುವ ಸಾಲುಮನೆಗಳ ನಡುವೆ ಅವರದೊಂದು ಸಣ್ಣ ಮನೆ. ಕುಂಡದಲ್ಲಿ ಒಂದು ಹಿಪ್ಪುನೇರಳೆ ಗಿಡ, ತಿನ್ನಲು ಹುಳುವಿಲ್ಲದೆ ಸೊಂಪಾಗಿ ಬೆಳೆದಿತ್ತು. ತೋಟದ ಬಗ್ಗೆ ಏನೂ ಕೇಳಲಿಲ್ಲ. ಮಳೆ, ಬಸ್ಸು, ಅವರ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿದೆವು. ಹೆಂಡತಿ ಕಾಫಿ ಮಾಡಲು ಒಳಗೆ ಹೋದರು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು, ದನಿ ಇಳಿಸಿದರು.

"ಹೆಣ್ಣಾ, ಗಂಡಾ?"

ನನಗೆ ಗೊತ್ತಿತ್ತು. ಹಿಂದಿನ ತಿಂಗಳು ತೋಟದಲ್ಲಿ ಸಕ್ಕರೆ ಹಂಚಿದ್ದರು. ಆದರೆ ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿತು. ಒಳ್ಳೆಯ ಶಿಷ್ಯನಂತೆ ನೆಟ್ಟಗೆ ಕೂತು, "ಯಾವ ವಿಷಯ ಸಾರ್?" ಎಂದೆ.

ಅವರು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿಕೊಂಡರು. "ಸರಿ," ಎಂದರು. ಕಾಫಿ ಬಂತು.

ಬಸ್ಸು ಹತ್ತಿದ ಮೇಲೆ ಹೊಳೆಯಿತು, ಅದು ಪರೀಕ್ಷೆಯಾಗಿರಲಿಲ್ಲ. ಮುಂದಿನ ಸಲ ಹೋದಾಗ ಹೇಳಿದರಾಯಿತು ಎಂದುಕೊಂಡೆ. ನಾನಿರುವ ಹೊಸೂರಿಗೂ ಮೂಕಂಡಪಲ್ಲಿಗೂ ದೂರವಿಲ್ಲ, ಹಾಗಾಗಿ ಹೋಗಲೇ ಇಲ್ಲ. ಹೋದದ್ದು ಹನ್ನೊಂದನೇ ದಿನದ ಊಟಕ್ಕೆ.

ಅವಳ ಹೆಸರನ್ನೂ ಊರನ್ನೂ ಬರೆಯುವುದಿಲ್ಲ. ಆ ಆಗಸ್ಟಿನಲ್ಲಿ ಈ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳು ಬಹಳ ಹುಟ್ಟಿದವು. ಒಂದರ ವಿಷಯ ಹೇಳಿದರೆ ಯಾರದೆಂದು ಯಾರಿಗೂ ತಿಳಿಯುವುದಿಲ್ಲ.

ಹೆಣ್ಣು, ಸಾರ್. ಈಗ ನಡೆಯುತ್ತಾಳೆ.